ಆರು ತಿಂಗಳೊಳಗೆ ಬಂದ ಮಧುಮೇಹ: ಪರ್ಕ್ ಜೀನ್ ಕೈಕೊಟ್ಟ ಒಂದು ಪ್ರಕರಣ

ಒಂಬತ್ತು ವಾರದ ಹೆಣ್ಣುಮಗು. ಎರಡು ದಿನಗಳಿಂದ ಹಾಲು ಕುಡಿಯುತ್ತಿಲ್ಲ. ಬಟ್ಟೆ ಮತ್ತೆ ಮತ್ತೆ ಒದ್ದೆಯಾಗುತ್ತಿದೆ, ಆದರೂ ಬಾಯಿ ಒಣಗಿದೆ, ನೆತ್ತಿಯ ಸುಳಿ ಒಳಗೆ ಕುಸಿದಿದೆ. ಉಸಿರು ಆಳವಾಗಿ, ವೇಗವಾಗಿ ಓಡುತ್ತಿದೆ. ಇಷ್ಟು ಎಳೆಯ ಮಗು ಹೀಗೆ ಬಂದಾಗ ವೈದ್ಯರ ಮನಸ್ಸು ಮೊದಲು ಸೋಂಕಿನ ಕಡೆಗೆ, ನ್ಯುಮೋನಿಯಾದ ಕಡೆಗೆ ಹೋಗುತ್ತದೆ. ರಕ್ತದ ಸಕ್ಕರೆ ನೋಡಿದಾಗ ಡೆಸಿಲೀಟರಿಗೆ 540 ಮಿಲಿಗ್ರಾಂ. ರಕ್ತದ ಪಿಎಚ್ 7.08, ಕೀಟೋನ್ ತುಂಬಿದೆ. ಸೋಂಕು ಇರಲಿ ಇಲ್ಲದಿರಲಿ, ಇದು ಮಧುಮೇಹದ ಕೀಟೋಆಸಿಡೋಸಿಸ್, ಅಂದರೆ ಇನ್ಸುಲಿನ್ ಇಲ್ಲದೆ ಕೀಟೋನ್ ಪೇರಿ ರಕ್ತ ಆಮ್ಲೀಯವಾಗುವ ಸ್ಥಿತಿ.

ಮುಂದೆ ಹೋಗುವ ಮುನ್ನ ಒಂದು ಮಾತು. ಈ ಮಗು ಒಬ್ಬ ನಿರ್ದಿಷ್ಟ ರೋಗಿಯಲ್ಲ. ವೊಲ್ಕಾಟ್–ರಾಲಿಸನ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯ ವರದಿಗಳಲ್ಲಿ ಪದೇ ಪದೇ ಎದುರಾಗುವ ರೋಗಕ್ರಮವನ್ನು ಒಂದೇ ಮಗುವಿನ ಮೇಲೆ ಹೊಂದಿಸಿ ಇಲ್ಲಿ ಬರೆದಿದ್ದೇನೆ. ಪರೀಕ್ಷೆಯ ಅಂಕಿಗಳೂ ಆ ಕ್ರಮಕ್ಕೆ ತಕ್ಕಂತೆ ಇಟ್ಟವು. ಜೀನ್, ಅದರ ಕೆಲಸ, ಸಂಶೋಧನೆಯ ಇತಿಹಾಸ ಎಲ್ಲವೂ ದಾಖಲಾದ ಸಂಗತಿಗಳು. ಈ ಪ್ರಕರಣವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕೋಶ ಒತ್ತಡಕ್ಕೆ ಸಿಕ್ಕಾಗ ಕೆಲಸ ನಿಲ್ಲಿಸುವುದು ಎಷ್ಟು ಮುಖ್ಯ ಎಂಬುದನ್ನು ಇಷ್ಟು ನೇರವಾಗಿ, ಇಷ್ಟು ಕ್ರೂರವಾಗಿ ತೋರಿಸುವ ಇನ್ನೊಂದು ಕಾಯಿಲೆ ನನಗೆ ಗೊತ್ತಿಲ್ಲ. ಜೊತೆಗೆ, ರೋಗನಿರ್ಣಯ ಮೊದಲ ವಾರದಲ್ಲೇ ಆಗುವುದಕ್ಕೂ ಎರಡು ವರ್ಷ ತಡವಾಗುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಮಗುವಿನ ಪ್ರಾಣದಷ್ಟೇ ದೊಡ್ಡದು.

ಮೊದಲ ದಾಖಲಾತಿ

ದ್ರವ, ಇನ್ಸುಲಿನ್, ಪೊಟ್ಯಾಸಿಯಮ್ ಕೊಟ್ಟು ಎರಡು ದಿನದಲ್ಲಿ ಮಗುವನ್ನು ಕೀಟೋಆಸಿಡೋಸಿಸ್‌ನಿಂದ ಹೊರತರಲಾಗುತ್ತದೆ. ನಂತರದ ಪ್ರಶ್ನೆ, ಇದು ಯಾವ ಮಧುಮೇಹ? ಇನ್ಸುಲಿನ್ ಜೊತೆಗೇ ತಯಾರಾಗುವ ಸಿ-ಪೆಪ್ಟೈಡ್ ಅಳತೆಗೆ ಸಿಗದಷ್ಟು ಕಡಿಮೆ. ಅಂದರೆ ಮಗುವಿನ ಮೇದೋಜೀರಕ ಗ್ರಂಥಿ ತಾನಾಗಿ ಇನ್ಸುಲಿನ್ ಮಾಡುತ್ತಿಲ್ಲ. ಟೈಪ್ 1 ಮಧುಮೇಹದಲ್ಲಿ ಸಿಗುವ ಪ್ರತಿಕಾಯಗಳು ಒಂದೂ ಇಲ್ಲ. ಕಳೆದ ಕೆಲವು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಮಾಡಿಸಿದ್ದಾರೆ, ಅದು ಬಹುತೇಕ ಸಹಜ ಎಂದು ಬಂದಿದೆ. ಆದರೆ ಈ ವಯಸ್ಸಿನಲ್ಲಿ ಆ ಅಂಕಿಯನ್ನು ನಂಬುವಂತಿಲ್ಲ. ಎಳೆಯ ಶಿಶುವಿನ ರಕ್ತದಲ್ಲಿ ಭ್ರೂಣಕಾಲದ ಹಿಮೋಗ್ಲೋಬಿನ್ನೇ ಹೆಚ್ಚಿರುತ್ತದೆ, ಪರೀಕ್ಷೆ ಅಳೆಯುವುದು ದೊಡ್ಡವರ ಹಿಮೋಗ್ಲೋಬಿನ್ನಿನ ಸಕ್ಕರೆಯನ್ನು. ಸಕ್ಕರೆ ಏರಿದ್ದು ಈಚೆಗಷ್ಟೇ, ತಾತ್ಕಾಲಿಕ ಏರಿಕೆ ಇರಬಹುದು ಎಂಬ ತಪ್ಪು ಸಮಾಧಾನ ಹುಟ್ಟುವುದು ಇಲ್ಲಿಂದಲೇ.

ಇನ್ನೊಂದು ಕಷ್ಟ ದಿನನಿತ್ಯದ್ದು. ಮಗುವಿನ ತೂಕ ನಾಲ್ಕು ಕಿಲೋ. ದಿನಕ್ಕೆ ಬೇಕಾದ ಇನ್ಸುಲಿನ್ ಒಟ್ಟು ಎರಡೂವರೆ ಯೂನಿಟ್ ಆಸುಪಾಸು. ಮಕ್ಕಳ ಪೆನ್ನಿನಲ್ಲಿ ಕೊಡಬಹುದಾದ ಅತಿ ಚಿಕ್ಕ ಪ್ರಮಾಣ ಅರ್ಧ ಯೂನಿಟ್. ಅದೊಂದೇ ಇಡೀ ದಿನದ ಪಾಲಿನ ಐದನೇ ಒಂದು ಭಾಗ. ಒಂದು ಹೊತ್ತಿನ ಹಾಲು ಕಕ್ಕಿದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಆದ್ದರಿಂದ ಇಂಥ ಶಿಶುಗಳಿಗೆ ಇನ್ಸುಲಿನ್ನನ್ನು ಹತ್ತು ಪಟ್ಟು ತೆಳುಗೊಳಿಸಿ ಕೊಡುತ್ತಾರೆ, ಅಥವಾ ಯೂನಿಟ್ಟಿನ ನಲವತ್ತನೇ ಒಂದು ಭಾಗವನ್ನೂ ಹನಿಸಬಲ್ಲ ಪಂಪ್ ಹಾಕುತ್ತಾರೆ. ಪಂಪ್ ಇಲ್ಲಿ ಸೌಕರ್ಯದ ವಸ್ತುವಲ್ಲ. ಮುಂದೆ ಯಕೃತ್ತಿನ ಪ್ರಸಂಗ ಬಂದಾಗ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಕುಟುಂಬದ ವಿವರ ಕೇಳಿದಾಗ ಒಂದು ಸಂಗತಿ ಸಿಗುತ್ತದೆ: ತಂದೆತಾಯಿ ಸೋದರಸಂಬಂಧಿಗಳು. ಇಬ್ಬರಿಗೂ ಮಧುಮೇಹವಿಲ್ಲ. ಈ ಸಂಗತಿ ಕಡತದ ಮೂಲೆಯಲ್ಲಿ ಒಂದು ಸಾಲಾಗಿ ಉಳಿಯಬಾರದು.

ಜೀನ್ ಪರೀಕ್ಷೆ ಆ ವಾರವೇ ಏಕೆ

ಆರು ತಿಂಗಳೊಳಗೆ ಮಧುಮೇಹ ಬಂದರೆ ಅದು ಟೈಪ್ 1 ಆಗಿರುವ ಸಾಧ್ಯತೆ ತೀರಾ ಕಡಿಮೆ. ಹೆಚ್ಚಾಗಿ ಅದರ ಹಿಂದೆ ಇರುವುದು ಒಂದೇ ಒಂದು ಜೀನಿನ ದೋಷ. 79 ದೇಶಗಳ 1020 ಮಕ್ಕಳನ್ನು ಪರೀಕ್ಷಿಸಿ ಬ್ರಿಟನ್ನಿನ ಎಕ್ಸೆಟರ್‌ನ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 80ಕ್ಕೂ ಹೆಚ್ಚು ಮಕ್ಕಳಲ್ಲಿ ಅಂಥ ಕಾರಣ ಸಿಕ್ಕಿತು. ಅತಿ ಸಾಮಾನ್ಯವಾಗಿ ಕಂಡದ್ದು ಇನ್ಸುಲಿನ್ ತಯಾರಿಸುವ ಬೀಟಾ ಕೋಶದ ಪೊಟ್ಯಾಸಿಯಮ್ ಚಾನಲ್ಲಿನ ದೋಷ. ಅದು ಸಿಕ್ಕರೆ ಮನೆಗೆ ಸಂತೋಷದ ಸುದ್ದಿ, ಏಕೆಂದರೆ ಬಹಳ ಮಕ್ಕಳು ಇನ್ಸುಲಿನ್ ಬಿಟ್ಟು ಸಲ್ಫೋನಿಲ್‌ಯೂರಿಯಾ ಮಾತ್ರೆಗೆ ಬರಬಹುದು. ಆದರೆ ತಂದೆತಾಯಿ ರಕ್ತಸಂಬಂಧಿಗಳಾಗಿದ್ದ ಕುಟುಂಬಗಳಲ್ಲಿ ಪಟ್ಟಿಯ ಮೊದಲ ಸ್ಥಾನಕ್ಕೆ ಬಂದದ್ದು ಬೇರೆಯೇ ಜೀನ್: ಇಐಎಫ್2ಎಕೆ3. ಅದು ತಯಾರಿಸುವ ಪ್ರೋಟೀನಿನ ಹೆಸರು ಪರ್ಕ್.

ನಮ್ಮ ಪ್ರಕರಣದ ಮಗುವಿನಲ್ಲಿ ಸಿಕ್ಕಿದ್ದು ಇದೇ. ಎರಡನೇ ವರ್ಣತಂತುವಿನಲ್ಲಿರುವ ಈ ಜೀನಿನ ಎರಡೂ ಪ್ರತಿಗಳಲ್ಲಿ ಒಂದೇ ರೂಪಾಂತರ; ಪ್ರೋಟೀನಿನ ಕೆಲಸ ಮಾಡುವ ತುದಿ ತಯಾರಾಗುವ ಮುನ್ನವೇ ಓದು ಮುಗಿದುಬಿಡುವಂಥದ್ದು. ಮಗುವಿಗೆ ಆಗ ಇದ್ದ ತೊಂದರೆ ಮಧುಮೇಹ ಒಂದೇ. ಮೂಳೆ ಸರಿಯಿತ್ತು, ಯಕೃತ್ತಿನ ಪರೀಕ್ಷೆಗಳು ಸಹಜವಾಗಿದ್ದವು. ಈ ಹಂತದಲ್ಲಿ ಜೀನ್ ಪರೀಕ್ಷೆ ಮಾಡಿಸದ ಮನೆಗೆ ಸಿಗುವ ಚೀಟಿಯಲ್ಲಿ ‘ಟೈಪ್ 1 ಮಧುಮೇಹ, ಇನ್ಸುಲಿನ್ ಮುಂದುವರಿಸಿ’ ಎಂದಷ್ಟೇ ಇರುತ್ತದೆ. ಮಾಡಿಸಿದ ಮನೆಗೆ ಮಾತ್ರ ಮುಂದೆ ಬರಬಹುದಾದ ಅಪಾಯದ ಪೂರ್ವಸೂಚನೆ ಸಿಗುತ್ತದೆ. ಜೀನ್ ಪರೀಕ್ಷೆಯನ್ನು ‘ಆಮೇಲೆ ನೋಡೋಣ’ ಎನ್ನುವವರನ್ನು ಕಂಡಾಗ ನನಗೆ ಸಂಕಟವಾಗುವುದು ಇದಕ್ಕೇ.

ಕಾಯಿಲೆಯ ಹೆಸರು ಹಳೆಯದು. ಒಂದೇ ಮನೆಯ ಮೂವರು ಒಡಹುಟ್ಟಿದವರಲ್ಲಿ ಶೈಶವದ ಮಧುಮೇಹವೂ ಮೂಳೆಯ ತುದಿಗಳ ವಿಕಾರವೂ ಒಟ್ಟಿಗೆ ಇರುವುದನ್ನು ವೊಲ್ಕಾಟ್ ಮತ್ತು ರಾಲಿಸನ್ 1972ರಲ್ಲಿ ವರದಿ ಮಾಡಿದರು. ಸಕ್ಕರೆಗೂ ಮೂಳೆಗೂ ಏನು ಸಂಬಂಧ ಎಂಬುದಕ್ಕೆ ಉತ್ತರ ಸಿಗಲು 28 ವರ್ಷ ಬೇಕಾಯಿತು. ಸೆಸಿಲ್ ಜೂಲಿಯೆ ಅವರ ತಂಡ 2000ನೇ ಇಸವಿಯಲ್ಲಿ, ರಕ್ತಸಂಬಂಧದ ಮದುವೆಯಿದ್ದ ಎರಡು ಕುಟುಂಬಗಳ ನೆರವಿನಿಂದ, ಕಾರಣವಾದ ಜೀನನ್ನು ಗುರುತಿಸಿತು. ಅಷ್ಟರಲ್ಲಿ ಆ ಜೀನಿನ ಪ್ರೋಟೀನ್ ಬೇರೆ ದಾರಿಯಿಂದ ಪ್ರಯೋಗಾಲಯಗಳಿಗೆ ಪರಿಚಯವಾಗಿತ್ತು. ರೊನಾಲ್ಡ್ ವೆಕ್ ಅವರ ತಂಡ 1998ರಲ್ಲಿ ಅದನ್ನು ಇಲಿಯ ಮೇದೋಜೀರಕ ಗ್ರಂಥಿಯಲ್ಲೇ ಕಂಡುಹಿಡಿದಿತ್ತು; ಮರುವರ್ಷ ಡೇವಿಡ್ ರಾನ್ ಅವರ ತಂಡ ಅದು ಕೋಶದ ಒತ್ತಡವನ್ನು ಗ್ರಹಿಸುವ ಪ್ರೋಟೀನ್ ಎಂದು ತೋರಿಸಿ ಪರ್ಕ್ ಎಂದು ಕರೆದಿತ್ತು.

ಪರ್ಕ್ ಮಾಡುವ ಕೆಲಸ

ಕೋಶದಿಂದ ಹೊರಗೆ ಹೋಗಬೇಕಾದ ಪ್ರೋಟೀನುಗಳು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲದೊಳಗೆ ಮಡಿಚಿಕೊಂಡು ಸರಿಯಾದ ಆಕಾರ ಪಡೆಯುತ್ತವೆ. ಇದನ್ನು ಇಆರ್ ಎಂದು ಚಿಕ್ಕದಾಗಿ ಕರೆಯೋಣ. ಒಳಗೆ ಬರುವ ಪ್ರೋಟೀನ್ ಹೆಚ್ಚಾಗಿ ಮಡಿಚುವ ಸಾಮರ್ಥ್ಯ ಸಾಲದೆ ಹೋದರೆ ಅರೆಬರೆ ಮಡಿಚಿದ ಪ್ರೋಟೀನುಗಳು ಅಲ್ಲೇ ಪೇರಿಕೊಳ್ಳುತ್ತವೆ. ಇದೇ ಇಆರ್ ಒತ್ತಡ.

ಪರ್ಕ್ ಇಆರ್ ಪೊರೆಯನ್ನು ಹಾಯ್ದು ನಿಂತಿರುವ 1116 ಅಮೈನೋ ಆಮ್ಲಗಳ ಪ್ರೋಟೀನ್. ಅದರ ಒಂದು ತುದಿ ಜಾಲದ ಒಳಗಿದೆ, ಇನ್ನೊಂದು ಹೊರಗಿನ ಕೋಶರಸದಲ್ಲಿದೆ. ಎಲ್ಲವೂ ಸರಿಯಿದ್ದಾಗ ಒಳತುದಿಯನ್ನು ಬಿಪ್ ಎಂಬ ಸಹಾಯಕ ಪ್ರೋಟೀನ್ ಹಿಡಿದಿರುತ್ತದೆ. ಮಡಿಚಿಕೊಳ್ಳದ ಪ್ರೋಟೀನುಗಳು ಪೇರಿದಾಗ ಬಿಪ್ ಅವುಗಳ ಕಡೆ ಓಡುತ್ತದೆ. ಕೈಬಿಟ್ಟ ಪರ್ಕ್ ಅಣುಗಳು ಜೋಡಿಯಾಗುತ್ತವೆ, ಒಂದಕ್ಕೊಂದು ಫಾಸ್ಫೇಟ್ ಅಂಟಿಸಿ ಚುರುಕಾಗುತ್ತವೆ. ನಂತರ ಹೊರತುದಿ ಮುಖ್ಯವಾಗಿ ಒಂದು ಕೆಲಸ ಮಾಡುತ್ತದೆ: ಇಐಎಫ್2-ಆಲ್ಫಾ ಎಂಬ ಪ್ರೋಟೀನಿನ 51ನೇ ಸ್ಥಾನದ ಸೆರೀನ್ ಮೇಲೆ ಫಾಸ್ಫೇಟ್ ಇಡುತ್ತದೆ.

ಆ ಒಂದು ಫಾಸ್ಫೇಟ್ ಇಡೀ ಕೋಶದ ಪ್ರೋಟೀನ್ ತಯಾರಿಕೆಯನ್ನು ಇಳಿಸುತ್ತದೆ. ಹೇಗೆ ಎಂಬುದು ನಿಜಕ್ಕೂ ಸೊಗಸಾಗಿದೆ. ಪ್ರತಿ ಪ್ರೋಟೀನಿನ ಮೊದಲ ಅಮೈನೋ ಆಮ್ಲವನ್ನು, ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮಿಗೆ ತಂದುಕೊಡುವುದು ಇಐಎಫ್2. ಒಮ್ಮೆ ತಂದಿಳಿಸಿದ ಮೇಲೆ ಅದನ್ನು ಮತ್ತೆ ಕೆಲಸಕ್ಕೆ ಸಜ್ಜುಗೊಳಿಸಬೇಕು, ಅದನ್ನು ಮಾಡುವುದು ಇಐಎಫ್2ಬಿ. ಫಾಸ್ಫೇಟ್ ಹೊತ್ತ ಇಐಎಫ್2 ಹೋಗಿ ಇಐಎಫ್2ಬಿಯನ್ನೇ ಹಿಡಿದು ಕೂರುತ್ತದೆ. ಕೋಶದಲ್ಲಿ ಇಐಎಫ್2ಬಿ ಇರುವುದೇ ಕಡಿಮೆ. ಹಾಗಾಗಿ ಇಐಎಫ್2ನ ಒಂದಂಶಕ್ಕೆ ಫಾಸ್ಫೇಟ್ ಬಿದ್ದರೂ ಸಾಕು, ಉಳಿದವಕ್ಕೆ ಸಜ್ಜುಗೊಳ್ಳುವ ಅವಕಾಶವೇ ಸಿಗುವುದಿಲ್ಲ.

ಹೀಗೆ ಎಲ್ಲವೂ ಇಳಿದಿರುವಾಗ ಕೆಲವು ಪ್ರೋಟೀನುಗಳ ತಯಾರಿಕೆ ಮಾತ್ರ ಏರುತ್ತದೆ. ಎಟಿಎಫ್4 ಅವುಗಳಲ್ಲಿ ಮುಖ್ಯವಾದದ್ದು. ಅದರ ಸಂದೇಶದ (ಜೀನಿನ ಆರ್‌ಎನ್‌ಎ ಪ್ರತಿಯ) ಆರಂಭದಲ್ಲಿ ಪುಟ್ಟ ಓದುಭಾಗಗಳು ಅಡ್ಡವಾಗಿವೆ. ಇಐಎಫ್2 ಸಮೃದ್ಧವಾಗಿದ್ದರೆ ರೈಬೋಸೋಮ್ ಅವುಗಳಲ್ಲೇ ಸಿಕ್ಕಿಕೊಂಡು ನಿಜವಾದ ಆರಂಭವನ್ನು ದಾಟಿಹೋಗುತ್ತದೆ. ಕೊರತೆ ಇದ್ದಾಗ ರೈಬೋಸೋಮ್ ಮರುಸಜ್ಜಾಗಲು ತಡವಾಗಿ ಅಡ್ಡಭಾಗವನ್ನು ದಾಟಿ ಎಟಿಎಫ್4ನ ಆರಂಭಕ್ಕೇ ಬಂದು ಓದಲು ತೊಡಗುತ್ತದೆ. ಎಟಿಎಫ್4 ಮಡಿಚುವ, ಅಮೈನೋ ಆಮ್ಲ ಒದಗಿಸುವ, ಉತ್ಕರ್ಷಣದ ಹಾನಿ ತಡೆಯುವ ಜೀನುಗಳನ್ನು ಎಬ್ಬಿಸುತ್ತದೆ. ಅದರ ಮುಂದಿನ ಕೊಂಡಿಯಲ್ಲಿ ಬರುವ ಗ್ಯಾಡ್34 ಫಾಸ್ಫೇಟನ್ನು ತೆಗೆಸಿ ತಯಾರಿಕೆಯನ್ನು ಮತ್ತೆ ಶುರುಮಾಡಿಸುತ್ತದೆ. ಒತ್ತಡ ಬಹಳ ಕಾಲ ಇಳಿಯದಿದ್ದರೆ ಚಾಪ್ ಎಂಬ ಇನ್ನೊಂದು ಪ್ರೋಟೀನ್ ಏರಿ ಕೋಶವನ್ನು ಸಾವಿನ ಕಡೆ ತಳ್ಳುತ್ತದೆ. ಒಟ್ಟಿನಲ್ಲಿ ಪರ್ಕ್ ಒಂದು ಬ್ರೇಕ್. ಹಿಡಿಯುವುದಷ್ಟೇ ಅಲ್ಲ, ಬಿಡುವುದಕ್ಕೂ ತಾನೇ ಏರ್ಪಾಡು ಮಾಡುತ್ತದೆ.

ಈಗ ಬೀಟಾ ಕೋಶವನ್ನು ನೋಡಿ. ಊಟದ ನಂತರ ಅದು ತಯಾರಿಸುವ ಪ್ರೋಟೀನಿನಲ್ಲಿ ಅರ್ಧದವರೆಗೂ ಇನ್ಸುಲಿನ್ನಿನ ಮೊದಲ ರೂಪವಾದ ಪ್ರೊಇನ್ಸುಲಿನ್ ಒಂದೇ ಇರಬಹುದು. ನಿಮಿಷಕ್ಕೆ ಹತ್ತು ಲಕ್ಷ ಅಣುಗಳ ಲೆಕ್ಕ. ಪ್ರತಿ ಅಣುವಿನಲ್ಲೂ ಮೂರು ಗಂಧಕದ ಕೊಂಡಿಗಳು ಸರಿಯಾದ ಜಾಗದಲ್ಲೇ ಬೆಸೆಯಬೇಕು. ಇಷ್ಟು ಹೊರೆ ಹೊತ್ತ ಕೋಶದಲ್ಲಿ ಪರ್ಕ್ ಇಲ್ಲದಿದ್ದರೆ ಏನಾಗುತ್ತದೆ ಎಂದು 2001ರಲ್ಲಿ ರಾನ್ ಅವರ ತಂಡ ಇಲಿಗಳಲ್ಲಿ ತೋರಿಸಿತು. ಪರ್ಕ್ ಇಲ್ಲದ ಮರಿಗಳು ಹುಟ್ಟುವಾಗ ಅವುಗಳ ಮೇದೋಜೀರಕ ಗ್ರಂಥಿ ಮೇಲ್ನೋಟಕ್ಕೆ ಸರಿಯಾಗಿಯೇ ಇರುತ್ತದೆ. ಕೆಲವೇ ವಾರಗಳಲ್ಲಿ ಬೀಟಾ ಕೋಶಗಳು ನಶಿಸಿ ಸಕ್ಕರೆ ಏರುತ್ತದೆ. ಸ್ವಲ್ಪ ತಡವಾಗಿ ಜೀರ್ಣರಸ ತಯಾರಿಸುವ ಕೋಶಗಳೂ ಹಾಳಾಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಈ ಬೀಟಾ ಕೋಶಗಳ ಇಆರ್ ಪ್ರೊಇನ್ಸುಲಿನ್ ತುಂಬಿ ಊದಿಕೊಂಡಿರುವುದು ಕಣ್ಣಿಗೇ ಕಾಣುತ್ತದೆ.

ಇದಿಷ್ಟೇ ಪೂರ್ತಿ ಕಥೆ ಎಂದು ಒಪ್ಪದವರೂ ಇದ್ದಾರೆ. ಡಗ್ಲಸ್ ಕ್ಯಾವನರ್ ಅವರ ಪ್ರಯೋಗಾಲಯ, ಹುಟ್ಟಿನ ಆಸುಪಾಸಿನಲ್ಲಿ ಬೀಟಾ ಕೋಶಗಳು ಸಂಖ್ಯೆಯಲ್ಲಿ ಬೆಳೆಯುವುದಕ್ಕೇ ಪರ್ಕ್ ಬೇಕು, ಪ್ರೊಇನ್ಸುಲಿನ್ ಇಆರ್‌ನಿಂದ ಮುಂದೆ ಸಾಗುವುದಕ್ಕೂ ಬೇಕು ಎಂದು ವಾದಿಸಿತು. ನನಗೆ ಈ ಎರಡೂ ನೋಟಗಳು ಒಂದನ್ನೊಂದು ತಳ್ಳಿಹಾಕುವಂಥವು ಎನಿಸುವುದಿಲ್ಲ. ಮಗುವಿಗೆ ಎರಡರಿಂದಲೂ ಒಂದೇ ಫಲ: ಬೀಟಾ ಕೋಶಗಳೇ ಉಳಿಯುವುದಿಲ್ಲ. ಪೊಟ್ಯಾಸಿಯಮ್ ಚಾನಲ್ ದೋಷದ ಮಕ್ಕಳಲ್ಲಿ ಕೋಶ ಇರುತ್ತದೆ, ಚಾನಲ್ ಮುಚ್ಚದೆ ಇನ್ಸುಲಿನ್ ಹೊರಬರುವುದಿಲ್ಲ, ಮಾತ್ರೆ ಆ ಚಾನಲ್ಲನ್ನು ಮುಚ್ಚಿಸುತ್ತದೆ. ಇಲ್ಲಿ ಮಾತ್ರೆಗೆ ಕೆಲಸ ಮಾಡಲು ಕೋಶವೇ ಇಲ್ಲ. ಆದ್ದರಿಂದ ಈ ಮಗುವಿಗೆ ಇನ್ಸುಲಿನ್ ಜೀವನಪರ್ಯಂತ.

ನಡಿಗೆ

ಹದಿನೆಂಟು ತಿಂಗಳಿಗೆ ಮಗು ನಡೆಯತೊಡಗುತ್ತದೆ, ಆದರೆ ಹೆಜ್ಜೆ ಇಡುವಾಗ ಸೊಂಟ ಎರಡೂ ಕಡೆ ತೂಗುತ್ತದೆ. ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ. ಕ್ಷಕಿರಣದ ಚಿತ್ರದಲ್ಲಿ ತೊಡೆಮೂಳೆಯ ತಲೆ ಇರಬೇಕಾದ ಜಾಗದಲ್ಲಿ ಪುಟ್ಟ, ಅಂಚು ಮುರಿದಂತಿರುವ ಮಸುಕು ಚುಕ್ಕೆ. ಮಂಡಿಯ ಮೂಳೆತುದಿಗಳು ಚಪ್ಪಟೆ, ಬೆನ್ನುಮೂಳೆಯ ಗುಂಡುಗಳೂ ಚಪ್ಪಟೆ, ಒಟ್ಟಾರೆ ಮೂಳೆ ತೆಳು. ಮೂಳೆ ಕಟ್ಟುವ ಕೋಶಗಳೂ ಬೀಟಾ ಕೋಶದ ಹಾಗೆಯೇ ಅಪಾರ ಪ್ರೋಟೀನ್ ಹೊರಹಾಕುವಂಥವು, ಅವುಗಳದ್ದು ಕೊಲಾಜೆನ್. ಪರ್ಕ್ ಇಲ್ಲದ ಇಲಿಗಳ ಮೂಳೆಕೋಶಗಳಲ್ಲಿ ಕೊಲಾಜೆನ್ ಇಆರ್‌ನೊಳಗೇ ಸಿಕ್ಕಿಬಿದ್ದಿರುವುದು ಕಂಡುಬಂದಿದೆ. 1972ರ ಒಗಟಿಗೆ ಉತ್ತರ ಇದೇ. ಸಕ್ಕರೆಗೂ ಮೂಳೆಗೂ ನೇರ ಸಂಬಂಧವಿಲ್ಲ. ಎರಡೂ ಕಡೆ ಹೆಚ್ಚು ಹೊರೆಯ ಕೋಶಗಳಿವೆ, ಎರಡರಲ್ಲೂ ಕಾಣೆಯಾದದ್ದು ಒಂದೇ.

ಇಲ್ಲಿ ಒಂದು ನಿರ್ಧಾರ ಎದುರಾಗುತ್ತದೆ. ಸೊಂಟದ ಕೀಲನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದೇ? ಈ ಕಾಯಿಲೆಯ ಬಗ್ಗೆ ಜೂಲಿಯೆ ಮತ್ತು ನಿಕೋಲಿನೊ 2010ರಲ್ಲಿ ಬರೆದ ವಿಮರ್ಶೆ ಸಾಮಾನ್ಯ ಅರಿವಳಿಕೆಯಿಂದ ಮಗುವಿನ ಸ್ಥಿತಿ ಥಟ್ಟನೆ ಬಿಗಡಾಯಿಸುವ ಅಪಾಯವಿದೆ, ಸಾಧ್ಯವಾದಷ್ಟೂ ತಪ್ಪಿಸಬೇಕು ಎನ್ನುತ್ತದೆ. ಆಗ ವರದಿಯಾಗಿದ್ದ ಪ್ರಕರಣಗಳು ಅರವತ್ತಕ್ಕೂ ಕಡಿಮೆ. ಅಷ್ಟರಿಂದ ಬಂದ ಎಚ್ಚರಿಕೆಯಾದರೂ ಅದನ್ನು ಬದಿಗಿಡುವ ಧೈರ್ಯ ಯಾರಿಗೂ ಬರಬಾರದು. ಪ್ರಕರಣದ ತಂಡ ಶಸ್ತ್ರಚಿಕಿತ್ಸೆಯನ್ನು ಕೈಬಿಟ್ಟು ಫಿಸಿಯೋಥೆರಪಿಯನ್ನು ಆರಿಸಿಕೊಳ್ಳುತ್ತದೆ. ನನ್ನ ದೃಷ್ಟಿಯಲ್ಲಿ ಅದು ಸರಿಯಾದ ಆಯ್ಕೆ.

ಜ್ವರ

ಎರಡೂವರೆ ವರ್ಷಕ್ಕೆ ಒಂದು ಸಾಮಾನ್ಯ ವೈರಲ್ ಜ್ವರ. ಮೊದಲ ದಿನ ಸಕ್ಕರೆ ಏರುತ್ತದೆ. ಜ್ವರದಲ್ಲಿ ಹಾಗಾಗುವುದು ಮಧುಮೇಹದ ಮನೆಯವರಿಗೆ ಗೊತ್ತಿರುವ ವಿಷಯ. ಎರಡನೇ ದಿನ ಮಗು ಮಂಕಾಗಿ ವಾಂತಿ ಮಾಡುತ್ತದೆ, ಸಕ್ಕರೆ ಇದ್ದಕ್ಕಿದ್ದಂತೆ 48ಕ್ಕೆ ಇಳಿಯುತ್ತದೆ. ಈ ಇಳಿತವೇ ಇಡೀ ಪ್ರಕರಣದ ಅತಿ ಮುಖ್ಯ ಸುಳಿವು. ಊಟದ ನಡುವಿನ ಹೊತ್ತಿನಲ್ಲಿ ರಕ್ತಕ್ಕೆ ಸಕ್ಕರೆ ಬಿಡುವುದು ಯಕೃತ್ತು. ಅದು ಸೋಲತೊಡಗಿದಾಗ ಎಂದಿನ ಪ್ರಮಾಣದ ಇನ್ಸುಲಿನ್ನೇ ಮಗುವಿಗೆ ಮಾರಕವಾಗುತ್ತದೆ. ಆಸ್ಪತ್ರೆಯಲ್ಲಿ ನೋಡಿದಾಗ ಯಕೃತ್ತಿನ ಕಿಣ್ವ ಎಎಲ್‌ಟಿ 4800. ಸಹಜ ಮಟ್ಟ ಐವತ್ತರ ಒಳಗೆ. ರಕ್ತ ಹೆಪ್ಪುಗಟ್ಟುವುದನ್ನು ತೋರಿಸುವ ಐಎನ್‌ಆರ್ 3.1, ಅಮೋನಿಯಾ ಏರಿದೆ. ವಿಟಮಿನ್ ಕೆ ಕೊಟ್ಟ ಮೇಲೂ ಐಎನ್‌ಆರ್ 2ರ ಕೆಳಗೆ ಬರದಿದ್ದರೆ ಮಕ್ಕಳಲ್ಲಿ ಅದನ್ನು ತೀವ್ರ ಯಕೃತ್ ವೈಫಲ್ಯ ಎಂದೇ ಪರಿಗಣಿಸುತ್ತಾರೆ.

ಆ ಜ್ವರಕ್ಕೆ ಇಷ್ಟು ಶಕ್ತಿ ಎಲ್ಲಿಂದ ಬಂತು? ಯಕೃತ್ತಿನ ಕೋಶಗಳೂ ಪ್ರೋಟೀನ್ ಹೊರಹಾಕುವುದರಲ್ಲಿ ಮುಂದು. ಸೋಂಕು ಬಂದಾಗ ಸಿಆರ್‌ಪಿ, ಫೈಬ್ರಿನೋಜೆನ್, ಹ್ಯಾಪ್ಟೋಗ್ಲೋಬಿನ್ ಮುಂತಾದವನ್ನು ಒಮ್ಮೆಲೇ ಹೆಚ್ಚಾಗಿ ತಯಾರಿಸುವ ಆದೇಶ ಅವುಗಳಿಗೆ ಬರುತ್ತದೆ. ಜ್ವರದ ಕಾವು ಪ್ರೋಟೀನಿನ ಮಡಿಕೆಯನ್ನೇ ಸಡಿಲಿಸುತ್ತದೆ, ಊಟ ನಿಂತಿರುತ್ತದೆ. ತಡೆಯುವ ಪ್ರೋಟೀನೇ ಇಲ್ಲದ ಕೋಶ ಆ ಹೊತ್ತಿನಲ್ಲಿ ತಯಾರಿಕೆಯನ್ನು ನಿಲ್ಲಿಸಲಾರದು. ಯಕೃತ್ತಿನಿಂದ ಮಾತ್ರ ಪರ್ಕ್ ತೆಗೆದ ಇಲಿಗಳು ಶಾಂತ ಸ್ಥಿತಿಯಲ್ಲಿ ಆರೋಗ್ಯವಾಗಿಯೇ ಇರುತ್ತವೆ, ಇಆರ್ ಒತ್ತಡ ತರುವ ರಾಸಾಯನಿಕ ಕೊಟ್ಟಾಗಷ್ಟೇ ವ್ಯತ್ಯಾಸ ಬಯಲಾಗುತ್ತದೆ ಎಂಬುದೂ ಈ ವಿವರಣೆಗೆ ಹೊಂದುತ್ತದೆ. ಎರಡು ಜ್ವರಗಳ ನಡುವೆ ಈ ಮಕ್ಕಳ ಯಕೃತ್ತಿನ ಪರೀಕ್ಷೆಗಳು ಬಹುತೇಕ ಸಹಜವಾಗಿರುವುದರಿಂದಲೇ ಅಪಾಯ ಕಣ್ಣಿಗೆ ಬೀಳುವುದಿಲ್ಲ.

ಪ್ರಕರಣದ ಮಗು ಈ ಬಾರಿ ಚೇತರಿಸಿಕೊಳ್ಳುತ್ತದೆ. ಜೀನಿನ ವರದಿ ಮೊದಲೇ ಕೈಯಲ್ಲಿದ್ದುದರಿಂದ ಮನೆಯವರ ಬಳಿ ಒಂದು ತುರ್ತು ಪತ್ರವಿತ್ತು. ಜ್ವರ ಬಂದ ದಿನವೇ ಆಸ್ಪತ್ರೆಗೆ ಬರಬೇಕು, ಎಎಲ್‌ಟಿ, ಐಎನ್‌ಆರ್, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ನೋಡಬೇಕು, ಸಕ್ಕರೆಯನ್ನು ಗಂಟೆಗೊಮ್ಮೆ ಅಳೆಯಬೇಕು, ಗ್ಲೂಕೋಸ್ ಡ್ರಿಪ್ ಹಾಕಿ ಇನ್ಸುಲಿನ್ನನ್ನು ಸಕ್ಕರೆಗೆ ತಕ್ಕಂತೆ ಇಳಿಸಬೇಕು, ಯಕೃತ್ತಿಗೆ ಹಾನಿ ಮಾಡುವ ಔಷಧಿಗಳನ್ನು ದೂರವಿಡಬೇಕು, ಐಎನ್‌ಆರ್ ಏರುತ್ತಿದ್ದರೆ ಯಕೃತ್ತು ಕಸಿ ಮಾಡುವ ಕೇಂದ್ರಕ್ಕೆ ಕೂಡಲೇ ಹೇಳಬೇಕು ಎಂದೆಲ್ಲ ಅದರಲ್ಲಿ ಬರೆದಿತ್ತು. ತುರ್ತು ವಿಭಾಗದ ಕಿರಿಯ ವೈದ್ಯರಿಗೆ ಈ ಸಿಂಡ್ರೋಮಿನ ಹೆಸರೇ ಗೊತ್ತಿರುವುದಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಹಾಗಾಗಿಯೇ ಆ ಒಂದು ಹಾಳೆ ಬೇಕು. ಅದಿಲ್ಲದ ಮಗುವಿಗೆ ‘ಟೈಪ್ 1, ಜ್ವರ, ವಾಂತಿ’ ಎಂದು ಬರೆದು ಇನ್ಸುಲಿನ್ ಏರಿಸುವ ಸಾಧ್ಯತೆಯೇ ಹೆಚ್ಚು.

ಚೇತರಿಕೆ ಶಾಶ್ವತವಲ್ಲ. ಈ ಪ್ರಸಂಗ ಮರುಕಳಿಸುತ್ತದೆ, ಮೂತ್ರಪಿಂಡವೂ ಜೊತೆಯಲ್ಲಿ ಸೋಲಬಹುದು, ಬಹಳಷ್ಟು ಮಕ್ಕಳು ಎಳೆಯ ವಯಸ್ಸಿನಲ್ಲೇ ತೀರಿಕೊಳ್ಳುವುದು ಇಂಥದೊಂದು ಜ್ವರದಲ್ಲಿ. ಒಂದೇ ಮನೆಯಲ್ಲಿ ಒಂದೇ ರೂಪಾಂತರವಿರುವ ಇಬ್ಬರು ಮಕ್ಕಳ ಹಾದಿಯೂ ಬೇರೆ ಬೇರೆಯಾಗಬಹುದು. ಜೀನಿನ ವರದಿ ನೋಡಿ ಇಂತಿಷ್ಟು ವರ್ಷ ಎಂದು ಯಾರೂ ಹೇಳಲಾಗದು. ಅದನ್ನು ತಂದೆತಾಯಿಗೆ ನೇರವಾಗಿ, ನಿಧಾನವಾಗಿ ಕುಳಿತು ಹೇಳಬೇಕು. ಲಸಿಕೆಗಳನ್ನು ಒಂದೂ ತಪ್ಪಿಸಬಾರದು, ಏಕೆಂದರೆ ತಪ್ಪಿಸಿದ ಪ್ರತಿ ಸೋಂಕೂ ತಪ್ಪಿಸಿದ ಒಂದು ಗಂಡಾಂತರ.

ಯಕೃತ್ತು ಕಸಿಯ ಪ್ರಶ್ನೆ ಇಲ್ಲಿಂದ ಏಳುತ್ತದೆ. ದಾನಿಯ ಯಕೃತ್ತಿನ ಕೋಶಗಳಲ್ಲಿ ಪರ್ಕ್ ಇದೆ, ಆದ್ದರಿಂದ ಜ್ವರವನ್ನು ಅದು ತಾಳಿಕೊಳ್ಳುತ್ತದೆ. ಯಕೃತ್ತು ಮಾತ್ರ, ಯಕೃತ್ತಿನ ಜೊತೆ ಮೇದೋಜೀರಕ ಗ್ರಂಥಿ, ಕೆಲವರಲ್ಲಿ ಮೂತ್ರಪಿಂಡವನ್ನೂ ಸೇರಿಸಿ ಕಸಿ ಮಾಡಿದ ವರದಿಗಳಿವೆ. ಮೇದೋಜೀರಕ ಗ್ರಂಥಿಯೂ ಬಂದರೆ ಇನ್ಸುಲಿನ್ನಿನಿಂದಲೂ ಬಿಡುಗಡೆ ಸಿಗುತ್ತದೆ. ಮೂಳೆ ಮಾತ್ರ ಹಾಗೆಯೇ ಉಳಿಯುತ್ತದೆ. ಅರಿವಳಿಕೆಯೇ ಅಪಾಯ ಎಂದ ಮೇಲೆ ಇಷ್ಟು ದೊಡ್ಡ ಶಸ್ತ್ರಚಿಕಿತ್ಸೆ ಹೇಗೆ ಎಂದು ಕೇಳಬಹುದು. ಸೊಂಟದ ಶಸ್ತ್ರಚಿಕಿತ್ಸೆ ನಡಿಗೆಯನ್ನು ಸುಧಾರಿಸುತ್ತದೆ, ಯಕೃತ್ತಿನದು ಪ್ರಾಣವನ್ನೇ ಉಳಿಸುತ್ತದೆ. ಎರಡಕ್ಕೂ ಅಪಾಯವನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೊದಲ ದೊಡ್ಡ ಯಕೃತ್ ಪ್ರಸಂಗದಿಂದ ಮಗು ಚೇತರಿಸಿಕೊಂಡ ಬಳಿಕ, ಮುಂದಿನದಕ್ಕೆ ಕಾಯದೆ, ಕಸಿ ತಂಡದ ಜೊತೆ ಮಾತುಕತೆ ಶುರುವಾಗಬೇಕು ಎಂದು ನಾನು ನಂಬುತ್ತೇನೆ.

ಔಷಧ ಹುಡುಕುವವರಿಗೆ ಈ ಮಗು ಹೇಳುವುದು

ಇಷ್ಟು ಅಪರೂಪದ ಕಾಯಿಲೆ ಬೇರೆಯವರಿಗೇಕೆ ಬೇಕು? ಉತ್ತರ 2013ರ ಒಂದು ಪ್ರಯೋಗದಲ್ಲಿದೆ. ಜೊವಾನ್ನಾ ಮಲ್ಲೂಚಿ ಅವರ ತಂಡ, ತಪ್ಪಾಗಿ ಮಡಿಚಿದ ಪ್ರೋಟೀನಿನಿಂದ ಹರಡುವ ಪ್ರಯಾನ್ ರೋಗದಿಂದ ಮಿದುಳು ನಶಿಸುತ್ತಿದ್ದ ಇಲಿಗಳಿಗೆ ಪರ್ಕ್ ಅನ್ನು ತಡೆಯುವ ಔಷಧವೊಂದನ್ನು ಬಾಯಿಯ ಮೂಲಕ ಕೊಟ್ಟಿತು. ಆ ಇಲಿಗಳ ನರಕೋಶಗಳಲ್ಲಿ ಪರ್ಕ್ ಬಿಡುವಿಲ್ಲದೆ ಚುರುಕಾಗಿದ್ದು, ನರಸಂಧಿಗಳಿಗೆ ಬೇಕಾದ ಪ್ರೋಟೀನೂ ತಯಾರಾಗದೆ ಕೋಶ ಸಾಯುತ್ತಿತ್ತು. ಔಷಧ ಕೊಟ್ಟಾಗ ಪ್ರೋಟೀನ್ ತಯಾರಿಕೆ ಮರಳಿತು, ಮಿದುಳು ಉಳಿಯಿತು. ಆಲ್ಝೈಮರ್ ಸೇರಿದಂತೆ ಹಲವು ರೋಗಗಳಿಗೆ ದಾರಿ ತೆರೆಯಿತೆಂಬ ಸಂಭ್ರಮ ಸಹಜವಾಗಿಯೇ ಹಬ್ಬಿತು. ಆದರೆ ಅವೇ ಇಲಿಗಳು ತೂಕ ಕಳೆದುಕೊಂಡವು, ಸಕ್ಕರೆ ಏರಿತು, ಮೇದೋಜೀರಕ ಗ್ರಂಥಿ ಹಾನಿಗೊಂಡಿತು. ವೊಲ್ಕಾಟ್–ರಾಲಿಸನ್ ಮಗುವನ್ನು ಬಲ್ಲವರಿಗೆ ಈ ಅಡ್ಡಪರಿಣಾಮದಲ್ಲಿ ಅಚ್ಚರಿಯ ಅಂಶ ಏನೂ ಇರಲಿಲ್ಲ. ಔಷಧ ಮಾಡಿದ್ದು, ಹುಟ್ಟಿನಿಂದ ಜೀನ್ ಮಾಡಿದ್ದನ್ನೇ.

ಹಾಗೆಂದು ಪರ್ಕ್ ಹೆಚ್ಚು ಇದ್ದಷ್ಟೂ ಒಳ್ಳೆಯದೆಂದೂ ಅಲ್ಲ. ಇಐಎಫ್2-ಆಲ್ಫಾದ ಫಾಸ್ಫೇಟ್ ತೆಗೆಯಲು ಬೇಕಾದ ಪಿಪಿಪಿ1ಆರ್15ಬಿ ಎಂಬ ಜೀನ್ ಕೆಟ್ಟರೆ ತಡೆ ಬಿಡದೆ ಹಿಡಿದುಕೊಂಡೇ ಇರುತ್ತದೆ. ಆ ಮಕ್ಕಳಲ್ಲೂ ಚಿಕ್ಕ ತಲೆ, ಗಿಡ್ಡ ಮೈಕಟ್ಟು, ಕೆಲವರಲ್ಲಿ ಎಳೆಯ ವಯಸ್ಸಿನ ಮಧುಮೇಹ ಕಂಡುಬಂದಿದೆ. ಇಐಎಫ್2ಬಿ ಜೀನುಗಳ ದೋಷದಲ್ಲಿ ಮಿದುಳಿನ ಬಿಳಿದ್ರವ್ಯ ಕರಗಿಹೋಗುವ ರೋಗ ಬರುತ್ತದೆ, ಅಲ್ಲೂ ಜ್ವರದಿಂದಲೇ ಥಟ್ಟನೆ ಕುಸಿತ. ಬೀಟಾ ಕೋಶ ಎರಡೂ ಅತಿಗಳನ್ನು ತಾಳುವುದಿಲ್ಲ.

ಇನ್ನೊಂದು ಕೊಂಡಿ ವೃದ್ಧಾಪ್ಯದ ಕಡೆಗಿದೆ. ಪ್ರೋಗ್ರೆಸಿವ್ ಸೂಪ್ರಾನ್ಯೂಕ್ಲಿಯರ್ ಪಾಲ್ಸಿ ಎಂಬ ನರರೋಗದಲ್ಲಿ ಟಾವ್ ಪ್ರೋಟೀನ್ ಮಿದುಳಿನಲ್ಲಿ ಗಂಟುಕಟ್ಟುತ್ತದೆ. ಅದರ ಅಪಾಯ ಹೆಚ್ಚಿಸುವ ಜೀನುಗಳನ್ನು ಹುಡುಕಿದ 2011ರ ದೊಡ್ಡ ಅಧ್ಯಯನದಲ್ಲಿ ಇಐಎಫ್2ಎಕೆ3 ಕೂಡ ಸಿಕ್ಕಿತು. ಅಪಾಯದ ರೂಪಗಳು ಪರ್ಕ್‌ನ ಶಕ್ತಿಯನ್ನು ತುಸು ಕುಗ್ಗಿಸುವಂಥವು ಎಂದು ಮುಂದಿನ ಪ್ರಯೋಗಗಳು ತೋರಿಸಿದವು. ಪರ್ಕ್ ಅನ್ನು ಚುರುಕುಗೊಳಿಸುವ ರಾಸಾಯನಿಕ ಟಾವ್ ಇಲಿಗಳಿಗೆ ಒಳ್ಳೆಯದು ಮಾಡಿತು. ಪ್ರಯಾನ್ ಇಲಿಗೆ ತಡೆಯುವ ಔಷಧ, ಟಾವ್ ಇಲಿಗೆ ಚುರುಕುಗೊಳಿಸುವ ಔಷಧ! ಕ್ಯಾನ್ಸರಿನಲ್ಲಿ ಗೆಡ್ಡೆಯ ಕೋಶಗಳು ಆಮ್ಲಜನಕದ ಕೊರತೆಯಲ್ಲಿ ಪರ್ಕ್ ನೆಚ್ಚಿ ಬದುಕುವುದರಿಂದ ಅಲ್ಲಿ ಮತ್ತೆ ತಡೆಯುವ ಔಷಧಗಳ ಪರೀಕ್ಷೆ ಮನುಷ್ಯರಲ್ಲೂ ಆರಂಭವಾಗಿದೆ. ಅಂಥ ಪ್ರತಿ ಪರೀಕ್ಷೆಯಲ್ಲೂ ರೋಗಿಯ ಸಕ್ಕರೆ, ಜೀರ್ಣಕಿಣ್ವ, ಜ್ವರ ಬಂದಾಗಿನ ಯಕೃತ್ತಿನ ಸ್ಥಿತಿ ಈ ಮೂರನ್ನೂ ಬಿಡದೆ ನೋಡಬೇಕು.

ಮುಂದಿನ ಗರ್ಭಧಾರಣೆ

ತಂದೆತಾಯಿ ಇಬ್ಬರಲ್ಲೂ ಜೀನಿನ ಒಂದು ಪ್ರತಿ ಕೆಟ್ಟಿದೆ, ಒಂದು ಸರಿಯಿದೆ. ಇಬ್ಬರೂ ಆರೋಗ್ಯವಾಗಿದ್ದಾರೆ, ಈ ಕಾಯಿಲೆ ಅವರಿಗೆ ಬರುವುದಿಲ್ಲ. ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲನೆಯದಕ್ಕೆ ಬಂದಿದೆ, ಇನ್ನು ಮೂರು ಸುರಕ್ಷಿತ ಎಂಬ ಲೆಕ್ಕ ತಪ್ಪು, ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರು. ರೂಪಾಂತರ ಗೊತ್ತಿರುವುದರಿಂದ ಗರ್ಭದಲ್ಲೇ ಪರೀಕ್ಷಿಸಬಹುದು, ಪ್ರನಾಳ ಶಿಶು ವಿಧಾನದಲ್ಲಿ ಭ್ರೂಣವನ್ನು ಗರ್ಭಕೋಶದಲ್ಲಿ ಇಡುವ ಮುನ್ನವೂ ಪರೀಕ್ಷಿಸಬಹುದು. ಯಾವುದನ್ನೂ ಬಯಸದ ದಂಪತಿಗೂ ದಾರಿ ಇದೆ: ಹುಟ್ಟಿದ ಕೂಡಲೇ ಮಗುವಿನ ರಕ್ತವನ್ನು ಆ ಒಂದು ರೂಪಾಂತರಕ್ಕಾಗಿ ಪರೀಕ್ಷಿಸಿ, ವರದಿ ಬರುವವರೆಗೆ ಸಕ್ಕರೆ ನೋಡುತ್ತಿರಬೇಕು. ಆಗ ಎರಡನೇ ಮಗುವಿಗೆ ಕಾಯಿಲೆ ಇದ್ದರೂ ಅದು ಕೀಟೋಆಸಿಡೋಸಿಸ್‌ನಲ್ಲಿ ಆಸ್ಪತ್ರೆಗೆ ಬರಬೇಕಾಗುವುದಿಲ್ಲ, ಮೊದಲ ಜ್ವರ ಬರುವ ಮುನ್ನವೇ ತುರ್ತು ಪತ್ರ ಮನೆಯಲ್ಲಿರುತ್ತದೆ. ತಂದೆತಾಯಿಯ ಒಡಹುಟ್ಟಿದವರಲ್ಲೂ ಈ ರೂಪಾಂತರ ಇರಬಹುದು. ಅವರ ಮದುವೆಯೂ ರಕ್ತಸಂಬಂಧದಲ್ಲೇ ಆಗಿದ್ದರೆ ಅಥವಾ ಆಗಲಿದ್ದರೆ ಅವರಿಗೂ ವಿಷಯ ತಿಳಿಸಿ, ಬಯಸಿದವರಿಗೆ ಪರೀಕ್ಷೆ ಮಾಡಿಸುವುದು ಪ್ರಕರಣದ ವೈದ್ಯರ ಮುಂದಿನ ಕೆಲಸ.